ಮಳೆಗೆ ಎಸ್‌ಡಬ್ಲ್ಯುಆರ್ ಏರಿದರೆ ತಂತಿ ಕತ್ತರಿಸಬೇಡಿ, ಮೊದಲು ಕೇಬಲ್ ನೋಡಿ

ನಮಸ್ಕಾರ ಓಎಂ (ಹ್ಯಾಮ್ ರೇಡಿಯೋ ಗೆಳೆಯರೇ). ನೀವು ಬರೆದಿದ್ದು ಇಷ್ಟು: ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಅಂಚಿನಲ್ಲಿ 40 ಮೀಟರ್ ಬ್ಯಾಂಡಿನ ಇನ್ವರ್ಟೆಡ್ ವೀ (ನಡುಗಂಬದಿಂದ ಎರಡು ತಂತಿ ಕಾಲು ಇಳಿಜಾರಾಗಿ ಇಳಿಯುವ ಆಂಟೆನಾ), ನಡುಗಂಬ 8 ಮೀಟರ್, ಮನೆ ವೈರಿಂಗಿನ 2.5 ಚದರ ಮಿ.ಮೀ. ತಂತಿಯಲ್ಲಿ ಒಂದೊಂದು ಕಾಲೂ 9.80 ಮೀಟರ್, ಕೆಳಗೆ ರೇಡಿಯೋವರೆಗೆ 20 ಮೀಟರ್ ಆರ್‌ಜಿ-58 ಕೋಆಕ್ಸ್ ಕೇಬಲ್. ಏಪ್ರಿಲ್‌ನಲ್ಲಿ 7.100 ಮೆಗಾಹರ್ಟ್ಸ್‌ನಲ್ಲಿ 1.3 ಇದ್ದ ಎಸ್‌ಡಬ್ಲ್ಯುಆರ್ ಈಗ 2.8 (ಆಂಟೆನಾ ಕಡೆಯಿಂದ ಪವರ್ ಎಷ್ಟು ವಾಪಸ್ ಬರುತ್ತೆ ಅನ್ನೋದರ ಅಳತೆ ಇದು, 1 ಇದ್ದರೆ ಪೂರ್ತಿ ಸರಿ). ಮೈಕ್ ತುಟಿಗೆ ತಾಗಿದರೆ ಜುಮ್ ಅನ್ನುತ್ತೆ, ಲ್ಯಾಪ್‌ಟಾಪಿನ ಯುಎಸ್‌ಬಿ ಕಡಿದುಹೋಗುತ್ತೆ. ಮಧ್ಯಾಹ್ನ ಬೆಂಗಳೂರು ಕ್ಷೀಣವಾಗಿ ಕೇಳುತ್ತೆ. ತಂತಿ ಕತ್ತರಿಸಲೇ ಅಂತ ಕೇಳಿದ್ದೀರಿ.

ಈಗಲೇ ಬೇಡ. ಬೇಸಿಗೆಯಲ್ಲಿ ಸರಿಯಿದ್ದ ತಂತಿ ಮಳೆಗೆ ಬೆಳೆಯೋದಿಲ್ಲ. ಕತ್ತರಿಸಿದರೆ ನಿಜವಾದ ದೋಷ ಹಾಗೇ ಉಳಿದು, ದೀಪಾವಳಿ ಹೊತ್ತಿಗೆ ಕಾಲು ಗಿಡ್ಡವಾಗಿದೆ ಅಂತ ಮತ್ತೆ ತಂತಿ ಸೇರಿಸಬೇಕಾಗುತ್ತೆ. ಟ್ಯೂನರ್ ಹಾಕಿ ಅಂದವರ ಮಾತೂ ಸದ್ಯಕ್ಕೆ ಬೇಡ. ಟ್ಯೂನರ್ ರೇಡಿಯೋಗೆ 50 ಓಮ್ ತೋರಿಸುತ್ತೆ ಅಷ್ಟೆ. ಕೇಬಲ್ಲಿಗೆ ನೀರು ಹೋಗಿದ್ದರೆ ಪವರ್ ಅಲ್ಲೇ ಬಿಸಿಯಾಗಿ ಕಳೆದುಹೋಗುತ್ತೆ.

ಮೊದಲ ಕೆಲಸ, ನ್ಯಾನೋ ವಿಎನ್‌ಎ ಅಥವಾ ಆಂಟೆನಾ ಅನಲೈಜರ್‌ನಲ್ಲಿ 6.5ರಿಂದ 7.5 ಮೆಗಾಹರ್ಟ್ಸ್‌ವರೆಗೆ ಎಸ್‌ಡಬ್ಲ್ಯುಆರ್ ಗೆರೆ ನೋಡಿ. ಅದು ತೀರ ತಗ್ಗುವ ಜಾಗವೇ ಕಣಿವೆ. ಕಣಿವೆಯ ಆಕಾರ ಚೆನ್ನಾಗಿಯೇ ಇದ್ದು 7.100ರಿಂದ ಕೆಳಕ್ಕೆ ಸರಿದಿದ್ದರೆ ಅದು ತಂತಿಯ ಕಡೆಯ ವಿಷಯ: ಪಿವಿಸಿ ಹೊದಿಕೆ ಒದ್ದೆಯಾಗಿದೆ, ಸೋಗೆ ತಾಗುತ್ತಿದೆ, ಇಲ್ಲವೇ ಗಾಳಿಯ ಎಳೆತಕ್ಕೆ ತಂತಿ ಉದ್ದವಾಗಿದೆ. ಕಣಿವೆಯೇ ಇಲ್ಲದೆ ಎಲ್ಲ ಕಡೆ ಎತ್ತರವಾಗಿದ್ದರೆ ಎಲ್ಲೋ ಬೆಸುಗೆ ಬಿಟ್ಟಿದೆ ಅಥವಾ ಶಾರ್ಟ್ ಆಗಿದೆ. ಕಣಿವೆ ಅಗಲವಾಗಿ, ಪೇಲವವಾಗಿ ಕಂಡರೆ ಕೇಬಲ್ ಮೇಲೆ ಅನುಮಾನ ಪಡಿ. ನೀರು ಕುಡಿದ ಕೇಬಲ್ ಒಮ್ಮೊಮ್ಮೆ ಎಸ್‌ಡಬ್ಲ್ಯುಆರ್ ಅನ್ನು ಕಡಿಮೆ ಮಾಡಿಯೂ ತೋರಿಸುತ್ತೆ, ಯಾಕೆಂದರೆ ವಾಪಸ್ ಬರಬೇಕಾದ ಪವರ್ ದಾರಿಯಲ್ಲೇ ಸಾಯುತ್ತೆ. ಹಾಗಾಗಿ ಮೀಟರಿನ ಒಂದು ಅಂಕಿ ನಂಬಿ ಕೂರಬೇಡಿ.

ಕೇಬಲ್ ಪರೀಕ್ಷೆಗೆ ಆಂಟೆನಾ ಇಳಿಸಿ, ಕೇಬಲ್ಲಿನ ಮೇಲಿನ ತುದಿ ಬಿಚ್ಚಿ ಹಾಗೇ ಬಿಡಿ. ಕೆಳತುದಿಯಲ್ಲಿ ಮಲ್ಟಿಮೀಟರನ್ನು ಮೆಗಾ ಓಮ್‌ಗೆ ಇಟ್ಟು ನಡುತಂತಿ ಮತ್ತು ಅದರ ಸುತ್ತಲಿನ ಜಾಲರಿ ನಡುವೆ ಅಳೆಯಿರಿ. ಏನೂ ತೋರಿಸಬಾರದು (ಓಪನ್ ಅಂತ ಬರಬೇಕು, ಸೊನ್ನೆ ಅಲ್ಲ). ಕೆಲವು ನೂರು ಕಿಲೋ ಓಮ್ ಬಂದರೂ ಒಳಗೆ ನೀರಿದೆ ಅಂತಲೇ ಅರ್ಥ. ಆಮೇಲೆ ಮೇಲಿನ ತುದಿಯನ್ನು ಶಾರ್ಟ್ ಮಾಡಿ ನೋಡಿ, 20 ಮೀಟರಿಗೆ 2 ಓಮ್‌ನೊಳಗೆ ಬರಬೇಕು. ಇದಕ್ಕಿಂತ ಗಟ್ಟಿ ಪರೀಕ್ಷೆ ಇನ್ನೊಂದಿದೆ: ಮೇಲಿನ ತುದಿ ತೆರೆದಿಟ್ಟು 7 ಮೆಗಾಹರ್ಟ್ಸ್‌ನಲ್ಲಿ ವಿಎನ್‌ಎಯಿಂದ ಎಸ್‌ಡಬ್ಲ್ಯುಆರ್ ಓದಿ (ರೇಡಿಯೋದಿಂದ ಟ್ರಾನ್ಸ್‌ಮಿಟ್ ಮಾಡಿ ಅಲ್ಲ!). ಒಳ್ಳೆಯ 20 ಮೀಟರ್ ಆರ್‌ಜಿ-58 ಆದರೆ 10ರ ಆಸುಪಾಸು ಅಥವಾ ಹೆಚ್ಚು ಬರುತ್ತೆ. 3 ಬಂದರೆ ಕೇಬಲ್ ಒಂದೇ ದಾರಿಗೆ 3 ಡಿಬಿ ತಿನ್ನುತ್ತಿದೆ, ಅರ್ಧ ಪವರ್ ಆಂಟೆನಾಕ್ಕೆ ತಲುಪುತ್ತಲೇ ಇಲ್ಲ.

ಮೇಲಿನ ತುದಿಯ ಕಪ್ಪು ಹೊದಿಕೆಯನ್ನು ಹತ್ತು ಸೆಂಟಿಮೀಟರ್ ಸೀಳಿ ನೋಡಿ. ಜಾಲರಿ ಹೊಸ ಚೊಂಬಿನ ಹಾಗೆ ಹೊಳೆಯಬೇಕು. ಕಪ್ಪಗೆ, ಹಸಿರಾಗಿ, ಬೆರಳಿಗೆ ಪುಡಿ ಹತ್ತುವಂತಿದ್ದರೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಜಾಲರಿ ನೀರು ಎಳೆದುಕೊಂಡಿದೆ. ಹೊಳಪು ಸಿಗುವವರೆಗೆ ಕತ್ತರಿಸುತ್ತ ಬನ್ನಿ. ಒಂದೂವರೆ ಮೀಟರಿಗೂ ಸಿಗದಿದ್ದರೆ ಆ ಕೇಬಲ್ ಬಿಡಿ. ಬಿಸಿಲಿಗೆ ಒಣಗಿಸಿ ಮತ್ತೆ ಹಾಕೋದರಲ್ಲಿ ಅರ್ಥವಿಲ್ಲ, ನೀರು ಆರಿದರೂ ಕಿಲುಬು ಹೋಗೋದಿಲ್ಲ.

ಮತ್ತೆ ಕಟ್ಟುವಾಗ, ಕೇಬಲ್ ತಂತಿಗೆ ಸೇರುವ ನಡುಪೆಟ್ಟಿಗೆಗೆ ಕೇಬಲ್ ಕೆಳಗಿನಿಂದಲೇ ಒಳಗೆ ಹೋಗಲಿ, ತಳದಲ್ಲಿ 4 ಮಿ.ಮೀ. ತೂತು ಒಂದಿರಲಿ. ಪೂರ್ತಿ ಮುಚ್ಚಿದ ಪೆಟ್ಟಿಗೆ ಒಳಗೇ ಬೆವರುತ್ತೆ. ಕೇಬಲ್ ತುದಿಯ ಪಿಎಲ್-259 ಕನೆಕ್ಟರ್ ತಾನಾಗಿ ನೀರು ತಡೆಯೋದಲ್ಲ. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಅರ್ಧ ಅಗಲ ಆಗುವಷ್ಟು ಎಳೆದು, ಕೆಳಗಿನಿಂದ ಮೇಲಕ್ಕೆ ಅರ್ಧರ್ಧ ಸುತ್ತು ಮೇಲೇರಿಸಿ ಸುತ್ತಿ. ಹಂಚು ಹೊದಿಸೋದೂ ಸೂರಿನಿಂದ ಮೇಲಕ್ಕೇ ಅಲ್ಲವೇ, ನೀರು ಜಾರುವ ಲೆಕ್ಕ ಇಲ್ಲೂ ಅದೇ. ಅದರ ಮೇಲೆ ಬಿಸಿಲು ತಡೆಯಲು ಕಪ್ಪು ಪಿವಿಸಿ ಟೇಪ್. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತೆ. ನ್ಯೂಟ್ರಲ್ ಕ್ಯೂರ್ ಅಂತ ಬರೆದಿದ್ದೇ ತನ್ನಿ. ಎಪಾಕ್ಸಿ ಪುಟ್ಟಿ ಗಟ್ಟಿಯಾಗಿ ಕೂರುತ್ತೆ, ಗಾಳಿಗೆ ಕೇಬಲ್ ಅಲ್ಲಾಡಿದಾಗ ಸಂದು ಬಿಡುತ್ತೆ. ಮನೆಯೊಳಗೆ ಹೋಗುವ ಮುಂಚೆ ಕೇಬಲ್ಲಿಗೆ ಒಂದು ಜೋಲು ಬಿಡಿ, ನೀರು ಅಲ್ಲಿಂದ ತೊಟ್ಟಿಕ್ಕಲಿ.

ಮೈಕ್ ಜುಮ್ ಅನ್ನೋದು ಬೇರೆ ಕಾಯಿಲೆ. ಕೇಬಲ್ಲಿನ ಹೊರಮೈ ಮೇಲೆ ಆರ್‌ಎಫ್ (ರೇಡಿಯೋ ಕರೆಂಟ್) ಕೆಳಗಿಳಿದು ಷ್ಯಾಕಿಗೆ, ಅಂದರೆ ರೇಡಿಯೋ ಕೋಣೆಗೆ ಬರುತ್ತಿದೆ. ಅದನ್ನು ತಡೆಯುವ ಬ್ಯಾಲನ್ (balun) ವಿಷಯ ನೀವು ಬರೆದೇ ಇಲ್ಲ, ಇಲ್ಲ ಅಂತಲೇ ಅಂದುಕೊಳ್ಳುತ್ತೇನೆ. ಫೀಡ್ ಪಾಯಿಂಟಿನ (ನಡುಪೆಟ್ಟಿಗೆಯ) ಬುಡದಲ್ಲೇ ಆರ್‌ಜಿ-58ರ 4.5 ಮೀಟರನ್ನು 6 ಸುತ್ತಾಗಿ, ಸುಮಾರು 24 ಸೆಂ.ಮೀ. ವ್ಯಾಸಕ್ಕೆ ಸುತ್ತಿ ಕಟ್ಟಿದರೆ 40 ಮೀಟರ್ ಬ್ಯಾಂಡಿಗೆ ಸಾಕಾಗುವ ಚೋಕ್ (ಆರ್‌ಎಫ್ ತಡೆ) ಆಗುತ್ತೆ. ಸುತ್ತುಗಳು ಒಂದರ ಪಕ್ಕ ಒಂದು ಕೂರಲಿ, ಹಗ್ಗದ ಸಿಂಬೆ ಹಾಗೆ ಗೊಂದಲವಾಗಬಾರದು. ಭಾರ ಬೆಸುಗೆ ಮೇಲೆ ಬೀಳದಂತೆ ಹಗ್ಗಕ್ಕೆ ಕಟ್ಟಿ. ಖರ್ಚು ಮಾಡೋದಾದರೆ ಎಫ್‌ಟಿ-240-31 ಫೆರೈಟ್ ಉಂಗುರಕ್ಕೆ 11-12 ಸುತ್ತು ಇನ್ನೂ ಒಳ್ಳೆಯದು. ಹಳೇ ಕಂಪ್ಯೂಟರ್ ಸಪ್ಲೈಯಿಂದ ಕಿತ್ತ ಹಳದಿ-ಬಿಳಿ ಉಂಗುರ ಕಬ್ಬಿಣದ ಪುಡಿಯದ್ದು, ಈ ಕೆಲಸಕ್ಕೆ ಬಾರದು.

ತಂತಿಯ ತುದಿ ಕಟ್ಟುವ ಅಡಿಕೆ ಮರದ ಬಗ್ಗೆ. ಗಾಳಿಗೆ ಮರ ತೂಗುತ್ತೆ, ಬಿಗಿಯಾಗಿ ಕಟ್ಟಿದ ಮೆತ್ತನೆ ತಾಮ್ರ ಎಳೆದು ಉದ್ದವಾಗುತ್ತೆ. ತುದಿಗೆ ಸಣ್ಣ ರಾಟೆ ಹಾಕಿ, ಹಗ್ಗದ ಕೊನೆಗೆ ಮರಳು ತುಂಬಿದ 2 ಕೆ.ಜಿ.ಯಷ್ಟು ಬಾಟಲಿ ತೂಗುಬಿಡಿ. ತುದಿಗಳು ನೆಲದಿಂದ 3 ಮೀಟರಿಗಿಂತ ಕೆಳಗಿರಬಾರದು. ಟ್ರಾನ್ಸ್‌ಮಿಟ್ ಮಾಡುವಾಗ ಅಲ್ಲಿ ಕೈ ಸುಡುವಷ್ಟು ವೋಲ್ಟೇಜ್ ಇರುತ್ತೆ. ಕೊಳೆ ಔಷಧಿ ಹೊಡೆಯಲು ಬಂದವರಿಗೆ ತಂತಿ ಎಲ್ಲಿದೆ ಅಂತ ತೋರಿಸಿ, ಅವರು ತೋಟದಲ್ಲಿರುವಷ್ಟು ಹೊತ್ತು ಆನ್ ಮಾಡಬೇಡಿ. ಹಗ್ಗ ಏರಿಸಲು ಕಾರ್ಬನ್ ಫೈಬರ್ ದೋಟಿ ದಯವಿಟ್ಟು ಬೇಡ. ಅದರಲ್ಲಿ ಕರೆಂಟ್ ಹರಿಯುತ್ತೆ, ಲೈನಿಗೆ ತಾಗಿದರೆ ಜೀವ ಹೋಗುತ್ತೆ. ಆಂಟೆನಾ ಕಡಿದು ಬಿದ್ದರೂ ವಿದ್ಯುತ್ ಲೈನಿಗೆ ತಲುಪದಷ್ಟು ದೂರ ಇರಲಿ. ಗುಡುಗಿನ ದಿನಗಳಲ್ಲಿ ಕೇಬಲ್ ಬಿಚ್ಚಿ ಮನೆಯ ಹೊರಗೇ ಇಡಿ, ರೇಡಿಯೋ ಪಕ್ಕ ಬಿಟ್ಟರೆ ಬಿಚ್ಚಿದ್ದಕ್ಕೆ ಅರ್ಥವಿಲ್ಲ.

ಇಷ್ಟಾದ ಮೇಲೂ ಕಣಿವೆ ಕೆಳಗೇ ಇದ್ದರೆ ಆಗ ತಂತಿ ಮುಟ್ಟಿ. ಹೊಸ ಉದ್ದ = ಈಗಿನ ಉದ್ದ × ಈಗಿನ ಕಣಿವೆ ÷ ಬೇಕಾದ ಫ್ರೀಕ್ವೆನ್ಸಿ. ಕಣಿವೆ 6.98ರಲ್ಲಿ ಸಿಕ್ಕಿ 7.12 ಬೇಕಾದರೆ 9.80 × 6.98 ÷ 7.12 = 9.61, ಅಂದರೆ ಪ್ರತಿ ಕಾಲಿಗೆ 19 ಸೆಂ.ಮೀ. ಕಡಿಮೆ. ಕತ್ತರಿಸದೆ ತುದಿಯನ್ನು ಹಿಂದಕ್ಕೆ ಮಡಚಿ ತಂತಿಗೇ ಒತ್ತಾಗಿ ಸುತ್ತಿ ನೋಡಿ. ಒಣ ದಿನ 7.12ಕ್ಕೆ ಕೂರಿಸಿದರೆ ಮಳೆಗೆ ಸ್ವಲ್ಪ ಇಳಿದರೂ 7.0ರಿಂದ 7.2ರ ಒಳಗೇ ಇರುತ್ತೆ.

ಮಧ್ಯಾಹ್ನ ಬೆಂಗಳೂರು ಕ್ಷೀಣವಾಗಿ ಕೇಳೋದಕ್ಕೆ ಆಂಟೆನಾ ಕಾರಣ ಇರಲಿಕ್ಕಿಲ್ಲ; ಹಗಲು ಅಯಾನುಗೋಳದ (ಮೇಲಿನ ವಾತಾವರಣದ) ಡಿ ಪದರ 7 ಮೆಗಾಹರ್ಟ್ಸ್ ಸಿಗ್ನಲನ್ನು ಹೀರುತ್ತೆ. ಸೂರ್ಯನ ಚಟುವಟಿಕೆಯ 25ನೇ ಚಕ್ರ ಗರಿಷ್ಠ ಹಂತಕ್ಕೆ ಬಂದಿದೆ ಅಂತ ಅಮೆರಿಕದ ನಾಸಾ, ನೋವಾ ಸಂಸ್ಥೆಗಳು ಅಕ್ಟೋಬರ್ 2024ರಲ್ಲಿ ಹೇಳಿದ್ದವು. ದೊಡ್ಡ ಜ್ವಾಲೆ ಎದ್ದಾಗ ಹಗಲಿನ ಬ್ಯಾಂಡ್ ಪೂರ್ತಿ ಮೌನವಾಗಿ, ಸ್ವಲ್ಪ ಹೊತ್ತಿಗೆ ಮೆಲ್ಲಗೆ ವಾಪಸ್ ಬರುತ್ತೆ. ಹೋಲಿಕೆಗೆ ಬೆಳಗಿನ ಹೊತ್ತು ಕೇಳಿ. ಕಂಬ ಎತ್ತರಿಸೋದೂ ಬೇಡ, ರಾಜ್ಯದೊಳಗಿನ ಮಾತುಕತೆಗೆ 8 ಮೀಟರ್ ಚೆನ್ನಾಗಿಯೇ ಇದೆ.

ಮೇಲಿನ ತುದಿ ಬಿಚ್ಚಿ ಅಳೆದ ಎರಡು ಅಂಕಿ, ಸೀಳಿದ ಜಾಲರಿಯ ಒಂದು ಫೋಟೋ ಇಲ್ಲೇ ಹಾಕಿ, ಮುಂದಿನದು ನೋಡೋಣ. 73 (ಶುಭ ಹಾರೈಕೆ).