ತಂತಿ ಸಡಿಲಿಸಿ ನುಡಿಸೋ ಗಿಟಾರ್: ಅರವತ್ತರ ಮೇಲೆ ಶುರು ಮಾಡಬಹುದಾ?

ಹಿಂದಿನ ಸಂಚಿಕೆಯಲ್ಲಿ ಹವಾಯಿ ದ್ವೀಪಗಳ ಸ್ಲ್ಯಾಕ್ ಕೀ ಗಿಟಾರ್ ಬಗ್ಗೆ ಎರಡೇ ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತೆ ಅಂದುಕೊಂಡಿರಲಿಲ್ಲ. ಜಾಸ್ತಿ ಬಂದಿರೋದು ಶಿವಮೊಗ್ಗದ ಕಡೆಯಿಂದ, ಅದರಲ್ಲೂ ಐವತ್ತು ದಾಟಿದವರಿಂದ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನನಗೆ 61 ವರ್ಷ. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ದೀಪಾವಳಿಗೆ ಬಂದ ಮಗ ಕಾರಲ್ಲಿ ಯಾವುದೋ ಗಿಟಾರ್ ಹಾಕಿದ್ದ. ಹಾಡಿಲ್ಲ, ಬರೀ ಗಿಟಾರ್. ಆಗುಂಬೆ ಘಾಟಿ ಇಳಿದು ಸೋಮೇಶ್ವರ ಬಂದರೂ ನಾನು ಒಂದು ಮಾತಾಡಲಿಲ್ಲ. ಸ್ಲ್ಯಾಕ್ ಕೀ ಅಂತ ಆಮೇಲೆ ಗೊತ್ತಾಯ್ತು. ಈಗ ದಿನಾ ರಾತ್ರಿ ಊಟ ಆದ ಮೇಲೆ ಅದೇ. ಮಗನ ಹಳೇ ಗಿಟಾರ್ ಅಟ್ಟದ ಮೇಲಿದೆ. ಪೇಟೆಯಲ್ಲಿ ಒಬ್ಬರನ್ನು ಕೇಳಿದರೆ ಮೊದಲು ಆರು ತಿಂಗಳು ಕಾರ್ಡ್ ಕಲೀಬೇಕು ಅಂದರು. ನನ್ನ ಬೆರಳು ಅಷ್ಟೆಲ್ಲ ಬಗ್ಗಲ್ಲ. ಸಂಗೀತ ಕಲಿತವನೂ ಅಲ್ಲ, ಯಕ್ಷಗಾನ ನೋಡಿ ನೋಡಿ ಕಿವಿ ಮಾತ್ರ ಹದವಾಗಿದೆ. ಹೆಂಡತಿ ‘ಈ ವಯಸ್ಸಲ್ಲಿ ಬೇಕಿತ್ತಾ’ ಅಂತಾಳೆ. ಬೇಕಿತ್ತಾ?

ಉತ್ತರ: ಬೇಕಿತ್ತು ಮಾರಾಯ್ರೇ. ತಡವಾಗಿ ಶುರು ಮಾಡುವವರಿಗೆ ಇದಕ್ಕಿಂತ ಅನುಕೂಲದ ಗಿಟಾರ್ ಪದ್ಧತಿ ನನಗೆ ಗೊತ್ತಿಲ್ಲ. ಕಾರಣ ಹೇಳ್ತೀನಿ.

ನಿಮಗೆ ಕಾರ್ಡ್, ಅಂದರೆ ಒಟ್ಟಿಗೆ ನುಡಿಯೋ ಸ್ವರಗಳ ಗುಂಪು, ಕಲೀಬೇಕು ಅಂದವರು ತಪ್ಪು ಹೇಳಿಲ್ಲ. ಸಿನಿಮಾ ಹಾಡಿಗೆ ಗಿಟಾರ್ ಹಿಡಿಯುವವರಿಗೆ ಅದೇ ದಾರಿ. ಮಾಮೂಲಿ ಶ್ರುತಿಯಲ್ಲಿ ಗಿಟಾರನ್ನು ಸುಮ್ನೆ ಮೀಟಿದರೆ ಕಿವಿಗೆ ಹಿತವಾಗಿ ಏನೂ ಬರಲ್ಲ. ಎಡಗೈಯ ಮೂರ್ನಾಲ್ಕು ಬೆರಳು ಒಟ್ಟಿಗೆ ಒತ್ತಿದ ಮೇಲೇ ಕಾರ್ಡ್ ಆಗೋದು. ಸ್ಲ್ಯಾಕ್ ಕೀಯಲ್ಲಿ ಹಾಗಲ್ಲ. ಮೊದಲೇ ಕೆಲವು ತಂತಿ ಸಡಿಲಿಸಿ, ಎಡಗೈ ಮುಟ್ಟದೇ ಮೀಟಿದರೂ ಒಂದು ಪೂರ್ತಿ ಕಾರ್ಡ್ ಬರೋ ಹಾಗೆ ಕೂರಿಸಿಕೊಳ್ತಾರೆ. ಅಂದರೆ ಅರ್ಧ ಕೆಲಸ ಬಿರಡೆ ತಿರುಗಿಸುವಾಗಲೇ ಮುಗೀತು.

ಮಾಡೋದು ಹೀಗೆ. ಹಳೇ ತಂತಿ ಬಿಸಾಕಿ ಹೊಸ ಸೆಟ್ ಹಾಕಿಸಿ. ಮೊಬೈಲಲ್ಲಿ ಟ್ಯೂನರ್ ಆಪ್ ಹಾಕಿಕೊಂಡು ಮೊದಲು ಮಾಮೂಲಿ ಶ್ರುತಿ ಮಾಡಿ. ಸ್ವರಗಳನ್ನು ಅದು ಇಂಗ್ಲಿಷ್ ಅಕ್ಷರದಲ್ಲಿ ತೋರಿಸುತ್ತೆ. ಆಮೇಲೆ ಎಲ್ಲಕ್ಕಿಂತ ದಪ್ಪದ ಆರನೇ ತಂತಿಯನ್ನು ಈಯಿಂದ ಡಿಗೆ ಇಳಿಸಿ, ಐದನೆಯದನ್ನು ಎಯಿಂದ ಜಿಗೆ, ಎಲ್ಲಕ್ಕಿಂತ ಸಣ್ಣದಾದ ಒಂದನೆಯದನ್ನು ಈಯಿಂದ ಡಿಗೆ. ಉಳಿದ ಮೂರನ್ನು ಮುಟ್ಟಬೇಡಿ. ದಪ್ಪದಿಂದ ಸಣ್ಣಕ್ಕೆ ಎಣಿಸಿದರೆ ಡಿ, ಜಿ, ಡಿ, ಜಿ, ಬಿ, ಡಿ. ಇದಕ್ಕೆ ಅಲ್ಲಿಯವರು ಟಾರೋ ಪ್ಯಾಚ್ ಅಂತಾರೆ, ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರೋ ಶ್ರುತಿ ಇದೇ. ಜಿಯನ್ನು ಷಡ್ಜ ಅಂತ ಇಟ್ಟುಕೊಂಡು ಹಾಡಿ ನೋಡಿ: ಪ ಸ ಪ ಸ ಗ ಪ. ಮೇಳದಲ್ಲಿ ರಾತ್ರಿಯಿಡೀ ಶ್ರುತಿ ಕೇಳಿದ ಕಿವಿಗೆ ಇದು ಹೊಸದೇನಲ್ಲ, ಅಲ್ವಾ?

ಈಗ ಬಲಗೈ ಹೆಬ್ಬೆರಳು. ಈ ಸಂಗೀತದ ಜೀವ ಇರೋದೇ ಅಲ್ಲಿ. ಐದನೇ ತಂತಿ, ನಾಲ್ಕನೆಯದು, ಆರನೆಯದು, ಮತ್ತೆ ನಾಲ್ಕನೆಯದು, ಹೀಗೆ ಒಂದೇ ನಡೆಯಲ್ಲಿ ಹೆಬ್ಬೆರಳು ಹೋಗ್ತಾ ಇರಬೇಕು. ಅದು ಮದ್ದಳೆಯವರ ಕೆಲಸ, ಮೇಲಿನ ತಂತಿಗಳಲ್ಲಿ ರಾಗ ಎಳೆಯೋ ತೋರುಬೆರಳು ಮತ್ತು ಮಧ್ಯದ ಬೆರಳು ಭಾಗವತರು. ಭಾಗವತರು ಎಲ್ಲಿ ಬೇಕಾದರೂ ನಿಲ್ಲಲಿ, ಎಳೆಯಲಿ, ಮದ್ದಳೆ ನಿಲ್ಲಬಾರದು. ಬಹಳ ಜನ ರಾಗಕ್ಕೆ ಆಸೆಪಟ್ಟು ಹೆಬ್ಬೆರಳನ್ನು ಅರೆಬರೆ ಬಿಡ್ತಾರೆ, ಆಮೇಲೆ ಎರಡು ವರ್ಷ ಆದರೂ ನುಡಿಸಿದ್ದು ತುಂಡು ತುಂಡಾಗೇ ಕೇಳುತ್ತೆ. ನೀವು ಮೊದಲು ಹೆಬ್ಬೆರಳೊಂದನ್ನೇ ನಡೆಸಿ. ಮನೆಯವರ ಜೊತೆ ಮಾತಾಡ್ತಾ ಇದ್ದರೂ ಅದು ತಪ್ಪದಂತಾದ ಮೇಲೆ ಮೇಲಿನ ತಂತಿಗೆ ಕೈ ಹಾಕಿ.

ಎಡಗೈಗೆ ಕೆಲಸ ಕಡಿಮೆ. ತೋರುಬೆರಳನ್ನು ಐದನೇ ಮನೆಯಲ್ಲಿ (ಮನೆ ಅಂದರೆ ಗಿಟಾರಿನ ಕತ್ತಿನ ಮೇಲಿನ ಎರಡು ಲೋಹದ ಪಟ್ಟಿಗಳ ನಡುವಿನ ಜಾಗ) ಅಡ್ಡ ಮಲಗಿಸಿದರೆ ಮಧ್ಯಮದ ಕಾರ್ಡ್, ಏಳನೇ ಮನೆಯಲ್ಲಿ ಪಂಚಮದ ಕಾರ್ಡ್. ಇಷ್ಟರಲ್ಲಿ ಎಷ್ಟೋ ಹಾಡು ಆಗುತ್ತೆ. ರಾಗವನ್ನು ಒಂದನೇ ಮತ್ತು ಮೂರನೇ ತಂತಿಯಲ್ಲಿ ಜೋಡಿ ಸ್ವರವಾಗಿ ಎರಡೇ ಬೆರಳಲ್ಲಿ ಹಿಡೀತಾರೆ. ನಡುವೆ ತಂತಿಯನ್ನು ಒಮ್ಮೆ ಮೀಟಿ, ಆ ನಾದ ಇರುವಾಗಲೇ ಎಡಗೈ ಬೆರಳಿಂದ ಟಪ್ಪನೆ ಒತ್ತಿ ಮುಂದಿನ ಸ್ವರ ತರೋದು, ಇಲ್ಲಾ ಬೆರಳು ಸೆಳೆದು ಕೆಳಗಿನ ಸ್ವರ ಬಿಡೋದು. ನಿಮ್ಮನ್ನು ಘಾಟಿಯುದ್ದಕ್ಕೂ ಸುಮ್ಮನಿರಿಸಿದ್ದರಲ್ಲಿ ಈ ಎರಡು ಕೆಲಸದ ಪಾಲು ದೊಡ್ಡದು.

ತೋಟದ ಕೆಲಸ ಮಾಡಿದ ಕೈಗೆ ಶುರುವಿನ ಉರಿ ಅಷ್ಟು ತಾಗಲ್ಲ, ಅದು ನಿಮಗೆ ಲಾಭ. ಆದರೆ ಬೆಳಗ್ಗೆ ಬೆರಳು ಮಡಚಿದ್ದು ಬಿಡಿಸೋಕೆ ಬಾರದಿದ್ದರೆ, ಗೆಣ್ಣು ಊದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ನುಡಿಸೋ ಮುಂಚೆ ಬಿಸಿನೀರಲ್ಲಿ ಕೈ ಅದ್ದಿಕೊಳ್ಳಿ. ಸುಲಿತದ ಸೀಸನ್ನಲ್ಲಿ ದಿನವಿಡೀ ಕತ್ತಿ ಮುಂದೆ ಕೂತು ರಾತ್ರಿ ಗಿಟಾರೂ ಹಿಡಿದರೆ ಕೈ ಹೇಗೆ ತಡೆಯುತ್ತೆ? ಆಗ ಬರೀ ಕೇಳಿ. ಕೇಳೋದೂ ಕಲಿಕೆಯೇ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ಸಾಗರ. ನಮ್ಮ ಕಾಲದಲ್ಲಿ ರೇಡಿಯೋದಲ್ಲಿ ಹವಾಯಿಯನ್ ಗಿಟಾರ್ ಅಂತ ಹಿಂದಿ ಚಿತ್ರಗೀತೆಗಳ ಧುನ್ ಬರ್ತಿತ್ತು. ನೀವು ಹೇಳೋದು ಅದೇನಾ?

ಉತ್ತರ: ಅಲ್ಲ ಮೇಡಂ, ಆದರೆ ಒಂದೇ ಊರಿನವು. ನೀವು ಕೇಳಿದ್ದು ಸ್ಟೀಲ್ ಗಿಟಾರ್. ಗಿಟಾರನ್ನು ತೊಡೆಯ ಮೇಲೆ ಅಂಗಾತ ಇಟ್ಟು, ತಂತಿ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸೋದು. 1880ರ ದಶಕದ ಕೊನೆಯ ಹೊತ್ತಿಗೆ ಜೋಸೆಫ್ ಕೆಕುಕು ಅನ್ನೋ ಹುಡುಗ ಓಆಹು ದ್ವೀಪದಲ್ಲಿ ಅದನ್ನು ರೂಢಿಗೆ ತಂದ ಅಂತಾರೆ. ಸ್ಲ್ಯಾಕ್ ಕೀಯಲ್ಲಿ ಗಿಟಾರ್ ಹಿಡಿಯೋದು ಎಲ್ಲರ ಹಾಗೇ, ಉಕ್ಕಿನ ತುಂಡು ಇಲ್ಲ, ಬರೀ ಬೆರಳು.

ಸ್ಟೀಲ್ ಗಿಟಾರ್ ನಮ್ಮ ದೇಶಕ್ಕೆ ಬೇಗ ಬಂತು. ಹವಾಯಿ ಸಂಗೀತದ ಟೌ ಮೋ ಅವರ ಕುಟುಂಬ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿತ್ತು. ಆಮೇಲೆ ಬಂಗಾಳದಲ್ಲಿ ಅದರ ಹುಚ್ಚು ಹಿಡಿಯಿತು, ರವೀಂದ್ರ ಸಂಗೀತಕ್ಕೂ ಹೊಕ್ಕಿತು. ನಿಮ್ಮ ರೇಡಿಯೋ ಧುನ್‌ಗಳಲ್ಲಿ ಸುನಿಲ್ ಗಂಗೂಲಿ ಅಥವಾ ವ್ಯಾನ್ ಶಿಪ್ಲಿ ಅವರ ಹೆಸರು ಕೇಳಿರಬಹುದು. ಬ್ರಿಜ್‌ಭೂಷಣ್ ಕಾಬ್ರಾ ಅದರಲ್ಲೇ ಹಿಂದೂಸ್ತಾನಿ ರಾಗ ನುಡಿಸಿದರು. ವಿಶ್ವಮೋಹನ್ ಭಟ್ ಗಿಟಾರನ್ನೇ ಮಾರ್ಪಡಿಸಿ ಮೋಹನ ವೀಣೆ ಮಾಡಿಕೊಂಡು, ಅಮೆರಿಕದ ರೈ ಕೂಡರ್ ಜೊತೆ ನುಡಿಸಿದ ಆಲ್ಬಂಗೆ 1994ರಲ್ಲಿ ಗ್ರ್ಯಾಮಿ ಪಡೆದರು. ಇದೇ ರೈ ಕೂಡರ್ 1970ರ ದಶಕದಲ್ಲಿ ಹವಾಯಿಗೆ ಹೋಗಿ ಸ್ಲ್ಯಾಕ್ ಕೀಯ ದೊಡ್ಡ ಹೆಸರಾದ ಗ್ಯಾಬಿ ಪಹಿನೂಯಿ ಜೊತೆ ರೆಕಾರ್ಡ್ ಮಾಡಿದ್ದವರು. ಹಾಗಾಗಿ ನಂಟು ಇದ್ದೇ ಇದೆ. ಸ್ಲ್ಯಾಕ್ ಕೀ ಮಾತ್ರ ಯಾಕೋ ನಮ್ಮ ಕಡೆ ಬರಲೇ ಇಲ್ಲ. ಅದು ಮನೆ ಜಗುಲಿಯ ಸಂಗೀತ, ವೇದಿಕೆ ಹುಡುಕಿಕೊಂಡು ಹೋದದ್ದಲ್ಲ, ಅದಕ್ಕೇ ಇರಬೇಕು ಅಂತ ನನ್ನ ಲೆಕ್ಕ.

ಪ್ರಶ್ನೆ: ಸಮುದ್ರದ ನಡುವಿನ ದ್ವೀಪಕ್ಕೆ ಗಿಟಾರ್ ಹೋಗಿದ್ದು ಹೇಗೆ? ದನ ಕಾಯುವವರು ತಂದರು ಅಂತ ಬರೆದಿದ್ದಿರಿ, ನಂಬೋಕಾಗಲಿಲ್ಲ. (ಹೊಸನಗರದ ಓದುಗರು)

ಉತ್ತರ: ನಂಬಿ. 1793ರಲ್ಲಿ ಇಂಗ್ಲಿಷ್ ಕಪ್ತಾನ ಜಾರ್ಜ್ ವ್ಯಾಂಕೂವರ್ ಅಲ್ಲಿಯ ರಾಜ ಒಂದನೇ ಕಮೆಹಮೆಹಾನಿಗೆ ದನ ಕಾಣಿಕೆ ಕೊಟ್ಟ. ಅವು ಹೆಚ್ಚಲಿ ಅಂತ ರಾಜ ಕೊಲ್ಲೋದಕ್ಕೆ ನಿಷೇಧ ಹಾಕಿದ. ಹೆಚ್ಚಿದವು, ಎಷ್ಟು ಅಂದರೆ ಕಾಡಿಗೆ ನುಗ್ಗಿ, ಜನರ ಗದ್ದೆಗೆ ನುಗ್ಗಿ, ಮನುಷ್ಯರ ಮೇಲೂ ಏರಿ ಬಂದವು. ಮಂಗ, ಕಾಡುಕೋಣದ ಕಾಟದಲ್ಲಿ ಬೇಸತ್ತ ನಮ್ಮ ಹೊಸನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1830ರ ದಶಕದಲ್ಲಿ ಮೂರನೇ ಕಮೆಹಮೆಹಾ ಆಗ ಮೆಕ್ಸಿಕೋಗೆ ಸೇರಿದ್ದ ಕ್ಯಾಲಿಫೋರ್ನಿಯಾದಿಂದ ಕುದುರೆ ಮೇಲೆ ದನ ಹಿಡಿಯೋದರಲ್ಲಿ ಪಳಗಿದವರನ್ನು ಕರೆಸಿದ. ಅವರು ಗಿಟಾರ್ ತಂದರು, ಸಂಜೆ ಬೆಂಕಿ ಸುತ್ತ ನುಡಿಸಿದರು. ಕೆಲಸ ಮುಗಿಸಿ ಹೋಗುವಾಗ ಕೆಲವು ಗಿಟಾರ್ ಅಲ್ಲೇ ಉಳಿದವು, ಅವನ್ನು ನುಡಿಸೋ ಕ್ರಮ ಪೂರ್ತಿ ತಿಳಿದವರು ಕಡಿಮೆ. ಅಲ್ಲಿಯ ಜನ ತಮ್ಮ ಹಾಡಿಗೆ, ತಮ್ಮ ಕಿವಿಗೆ ಒಪ್ಪೋ ಹಾಗೆ ತಂತಿ ಸಡಿಲಿಸಿಕೊಂಡರು. ಈ ಪದ್ಧತಿ ಹುಟ್ಟಿದ್ದು ಹೀಗೆ ಅಂತ ಹವಾಯಿಯವರೇ ಹೇಳ್ತಾರೆ.

ಒಂದೊಂದು ಕುಟುಂಬಕ್ಕೂ ಒಂದೊಂದು ಶ್ರುತಿ, ಅದು ಮನೆಯ ಗುಟ್ಟು. ನೋಡಿ ಕದ್ದಾರು ಅಂತ ನುಡಿಸಿ ಮುಗಿಸಿದ ಮೇಲೆ ತಂತಿಯ ಶ್ರುತಿ ಕೆಡಿಸಿ ಇಡ್ತಿದ್ದರಂತೆ! 1946ರಲ್ಲಿ ಗ್ಯಾಬಿ ಪಹಿನೂಯಿ ಮಾಡಿದ ರೆಕಾರ್ಡಿಂಗ್ ಬಂದ ಮೇಲೆ ಹೊರಗಿನವರ ಕಿವಿಗೆ ಬಿತ್ತು. 1973ರಲ್ಲಿ ಕೆಯೋಲಾ ಬೀಮರ್ ಕಲಿಕೆಯ ಪುಸ್ತಕವನ್ನೇ ಬರೆದರು, ಗುಟ್ಟು ಅಲ್ಲಿಗೆ ಮುಗೀತು. ಯಾರನ್ನು ಕೇಳಬೇಕು ಅಂತ ಹಲವರು ಬರೆದಿದ್ದೀರಿ. ಗ್ಯಾಬಿ, ರೇ ಕಾನೆ, ಸನ್ನಿ ಚಿಲ್ಲಿಂಗ್‌ವರ್ತ್, ಲೆನರ್ಡ್ ಕ್ವಾನ್, ಲೆಡ್‌ವರ್ಡ್ ಕಾಪಾನಾ, ಬೀಮರ್. ಹೊಸಬರು ರೇ ಕಾನೆಯಿಂದ ಶುರು ಮಾಡಿ. ಅವರು ಅವಸರ ಮಾಡಲ್ಲ, ಒಂದೊಂದು ತಂತಿಯೂ ಬೇರೆ ಬೇರೆ ಕೇಳುತ್ತೆ. ಕಾಪಾನಾ ಕೈ ಮಿಂಚು, ಅವರನ್ನು ಮೊದಲೇ ಕೇಳಿದರೆ ನಮ್ಮಿಂದಾಗಲ್ಲ ಅಂತ ಗಿಟಾರ್ ಮತ್ತೆ ಅಟ್ಟ ಸೇರುತ್ತೆ.

ಮೊದಲು ಟಾರೋ ಪ್ಯಾಚ್ ಶ್ರುತಿ ಅಂದೆನಲ್ಲ, ಆ ಟಾರೋ ಅಂದರೆ ನಮ್ಮ ಕೆಸುವೇ. ನಾವು ಎಲೆಯಲ್ಲಿ ಪತ್ರೊಡೆ ಮಾಡ್ತೀವಿ, ಅವರು ಗೆಡ್ಡೆ ಬೇಯಿಸಿ ಕುಟ್ಟಿ ಹಿಟ್ಟಿನಂತೆ ಮಾಡಿ ತಿಂತಾರೆ.

ಪ್ರಶ್ನೆ: ಚಿಕ್ಕಂದಿನಲ್ಲಿ ಸ್ವಲ್ಪ ಕರ್ನಾಟಕ ಸಂಗೀತ ಆಗಿದೆ. ಈ ಗಿಟಾರಲ್ಲಿ ನಮ್ಮ ರಾಗ ಬರುತ್ತಾ? (ಶೃಂಗೇರಿ)

ಉತ್ತರ: ಕೆಲವು ತಾವಾಗೇ ಬರುತ್ತವೆ. ಟಾರೋ ಪ್ಯಾಚಲ್ಲಿ ಅಂತರ ಗಾಂಧಾರ ತೆರೆದ ತಂತಿಯಲ್ಲೇ ಇದೆ, ಹಾಗಾಗಿ ಮೋಹನ, ಶಂಕರಾಭರಣ ಸಲೀಸು. ತೋಡಿಗೆ ಹೋಗಬೇಡಿ, ಆ ಗಾಂಧಾರ ಪ್ರತಿ ಸಲ ಅಡ್ಡ ಬರುತ್ತೆ. ಇನ್ನೊಂದು ಶ್ರುತಿ ಇದೆ, ವಹೀನೆ ಅಂತ. ಟಾರೋ ಪ್ಯಾಚಿನ ಉಳಿದ ತಂತಿಗಳನ್ನು ಹಾಗೇ ಬಿಟ್ಟು ನೇರ ಮೂರನೇ ತಂತಿಗೆ ಬನ್ನಿ, ಅದನ್ನು ಜಿಯಿಂದ ಎಫ್ ಶಾರ್ಪಿಗೆ, ಅಂದರೆ ಷಡ್ಜದಿಂದ ಕಾಕಲಿ ನಿಷಾದಕ್ಕೆ ಇಳಿಸಿ. ಈಗ ಪ ಸ ಪ ನಿ ಗ ಪ ಆಯ್ತು. ಹಂಸಧ್ವನಿಯಲ್ಲಿ ಇಲ್ಲದ ಸ್ವರ ಇದರಲ್ಲಿ ಒಂದೂ ಇಲ್ಲ! ನಿಷಾದ ಮೀಟಿ, ಮೊದಲ ಮನೆಯಲ್ಲಿ ಬೆರಳು ಒತ್ತಿ ಷಡ್ಜಕ್ಕೆ ಏರಿಸಿ. ಹವಾಯಿಯವರು ವಹೀನೆಯಲ್ಲಿ ಸದಾ ಮಾಡೋ ಕೆಲಸವೇ ಇದು. ಗಮಕ ಮಾತ್ರ ವೀಣೆಯಷ್ಟು ಸಿಗಲ್ಲ, ಅದಕ್ಕೆ ಜಗಳ ಆಡಬೇಡಿ.

ಹಾಗಂತ ಶ್ರುತಿಗಳನ್ನು ಗುಡ್ಡೆ ಹಾಕಿಕೊಳ್ಳಬೇಡಿ. ಅಲ್ಲಿ ಡಜನ್‌ಗಟ್ಟಲೆ ಇವೆ. ವಯಸ್ಸಾದ ಮೇಲೆ ಶುರು ಮಾಡಿದವರು ಒಂದರಲ್ಲೇ ಮನೆ ಮಾಡಿಕೊಂಡಿರೋದು ಒಳ್ಳೇದು, ಎರಡನೆಯದು ಹಬ್ಬಕ್ಕೆ.

ಪ್ರಶ್ನೆ: ಶಿವಮೊಗ್ಗದಲ್ಲಿ ಇದನ್ನು ಕಲಿಸುವವರು ಇದ್ದಾರಾ?

ಉತ್ತರ: ಇದೇ ಬೇಕು ಅಂತ ಹುಡುಕಬೇಡಿ. ಬೆರಳಲ್ಲಿ ಮೀಟೋದನ್ನು ಕಲಿಸುವ ಯಾವ ಗಿಟಾರ್ ಮೇಷ್ಟ್ರಾದರೂ ಸಾಕು. ಕೈ ಕೂರಿಸೋದು ಅವರು ಹೇಳಿಕೊಡಲಿ, ಉಳಿದದ್ದು ಕೇಳಿ ಕೇಳಿ ಬರುತ್ತೆ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಚಪ್ಪಲಿಗೇ ಬೂಸ್ಟು ಬರುತ್ತೆ. ಗಿಟಾರ್ ಉಳಿಯುತ್ತಾ? ಯಾವುದು ತಗೋಬೇಕು? (ರಿಪ್ಪನ್‌ಪೇಟೆ)

ಉತ್ತರ: ಉಳಿಯುತ್ತೆ, ನೋಡಿಕೊಂಡರೆ. ಗಿಟಾರಿಗೆ ಹಿಡಿಸೋ ತೇವ ಶೇ. 45ರಿಂದ 55. ನಮ್ಮ ಆಷಾಢದ ಗಾಳಿ ಅದನ್ನು ಎಲ್ಲೋ ದಾಟಿರುತ್ತೆ. ಮರ ನೀರು ಹೀರಿ ಉಬ್ಬುತ್ತೆ, ಮುಂಭಾಗದ ಹಲಗೆ ಮೇಲೇಳುತ್ತೆ, ತಂತಿ ಎತ್ತರವಾಗಿ ಒತ್ತೋದು ಕಷ್ಟ. ಅದಕ್ಕೇ ಒಂದೇ ಮರದ ಹಲಗೆಯ ದುಬಾರಿ ಗಿಟಾರ್ ಬೇಡ. ಪದರ ಅಂಟಿಸಿದ ಹಲಗೆಯದ್ದು ತಗೊಳ್ಳಿ, ನಾದ ಸ್ವಲ್ಪ ಕಡಿಮೆ, ಆದರೆ ಮಳೆಗೆ ಗಟ್ಟಿ. ಅಂಗಡಿಯವರು ಬೇರೆ ಹೇಳ್ತಾರೆ, ಹೇಳಲಿ. ಹೊರಗೋಡೆಗೆ ನೇತುಹಾಕಬೇಡಿ. ಒಲೆ ಮೇಲಿನ ಅಟ್ಟವೂ ಬೇಡ, ಅಲ್ಲಿ ಒಣಗಿ ಬಿರುಕು ಬಿಡುತ್ತೆ. ಗಟ್ಟಿ ಪೆಟ್ಟಿಗೆ, ಒಳಗೆ ನಾಲ್ಕಾರು ಸಿಲಿಕಾ ಜೆಲ್ ಪೊಟ್ಟಣ, ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿ ಒರೆಸೋದು, ಇಷ್ಟು ಮಾಡಿ.

ತಂತಿ ವಿಷಯದಲ್ಲಿ ಒಂದು ಮಾತು. ಹೊಸಬರಿಗೆ ಮೆದು ಅಂತ 0.010ರ ಸೆಟ್ (ಎಲ್ಲಕ್ಕಿಂತ ಸಣ್ಣ ತಂತಿಯ ದಪ್ಪ, ಇಂಚಿನಲ್ಲಿ) ಕೊಡ್ತಾರೆ. ಮೊದಲೇ ತೆಳು, ಅದನ್ನೂ ಸಡಿಲಿಸಿದರೆ ತಂತಿ ಜೋಲು ಬಿದ್ದು ಬುರ್ ಅನ್ನುತ್ತೆ. 0.012 ಹಾಕಿಸಿ. ಶ್ರುತಿ ಇಳಿಸಿದ ಮೇಲೆ ಅದೇ ಬೆರಳಿಗೆ ಹದ. ಮತ್ತೆ ದಿನಾ ಏರಿಸಿ ಇಳಿಸಿ ಮಾಡಬೇಡಿ, ಟಾರೋ ಪ್ಯಾಚಲ್ಲೇ ಬಿಟ್ಟಿರಿ.

ಪ್ರಶ್ನೆ: ಕೊಪ್ಪದಿಂದ ಬರೀತಿದ್ದೀನಿ. ನೀವು ಬರೆದ ಎರಡು ಸಾಲು ಓದಿ ನಮ್ಮ ಮಾವನವರು ಗಿಟಾರ್ ತಂದರು. ಸಂಜೆ ಆರರಿಂದ ಬರೀ ಹೆಬ್ಬೆರಳು, ಡುಂ ಡುಂ ಡುಂ. ಮಗಳಿಗೆ ಪಿಯುಸಿ ಪರೀಕ್ಷೆ ಹತ್ತಿರ. ದೊಡ್ಡವರಿಗೆ ಬೇಡ ಅನ್ನೋಕಾಗಲ್ಲ, ಖುಷಿಯಲ್ಲೂ ಇದ್ದಾರೆ. ಏನು ಮಾಡಲಿ?

ಉತ್ತರ: ಬೇಡ ಅನ್ನಬೇಡಿ ಅಮ್ಮಾ, ಅವರು ಸರಿಯಾಗೇ ಕಲೀತಿದ್ದಾರೆ. ಒಂದು ಹಳೇ ಪಂಚೆ ತುಂಡನ್ನು ಮಡಚಿ, ತಂತಿ ಕಟ್ಟಿರೋ ಕುದುರೆಯ ಪಕ್ಕದಲ್ಲೇ ತಂತಿಯ ಕೆಳಗೆ ತುರುಕಿ ಕೊಡಿ. ಸದ್ದು ಪಕ್ಕದ ಕೋಣೆಗೂ ಹೋಗಲ್ಲ, ಮೀಟಿದ್ದು ಸಮ ಇದೆಯಾ ಇಲ್ಲವಾ ಅಂತ ಅವರಿಗೂ ಚೆನ್ನಾಗಿ ತಿಳಿಯುತ್ತೆ. ನಾನು ಹೇಳಿದೆ ಅಂತ ಹೇಳಿ, ಕೇಳ್ತಾರೆ. ಪರೀಕ್ಷೆ ಮುಗಿದ ದಿನ ತೆಗೆದುಬಿಡಿ.