ವೀಲ್ ವೇಗ ಏರುತ್ತಲೇ ಹೋಗುತ್ತಿದ್ದರೆ ಕೋಡ್ ತಪ್ಪಲ್ಲ

ದೂರದರ್ಶಕ ನಕ್ಷತ್ರದ ಮೇಲೇ ನಿಂತಿದ್ದರೂ ಸಿಮ್ಯುಲೇಶನ್‌ನಲ್ಲಿ ರಿಯಾಕ್ಷನ್ ವೀಲ್‌ಗಳ (ತಾವು ತಿರುಗಿ ಉಪಗ್ರಹವನ್ನು ಎದುರು ದಿಕ್ಕಿಗೆ ತಿರುಗಿಸುವ ಚಕ್ರಗಳು) ವೇಗ ಏರುತ್ತಲೇ ಇದೆ, ಪಿಐಡಿ ಗೇನ್ (ದಿಕ್ಕಿನ ತಪ್ಪಿಗೆ ನಿಯಂತ್ರಕ ಎಷ್ಟು ಜೋರಾಗಿ ಪ್ರತಿಕ್ರಿಯಿಸಬೇಕು ಎನ್ನುವ ಅಂಕಿ) ಬದಲಿಸಬೇಕಾ ಅಂತ ಕೇಳಿದ್ದೀರಿ. ಗೇನ್ ಮುಟ್ಟಬೇಡಿ. ನಿಜವಾದ ಉಪಗ್ರಹದಲ್ಲೂ ಹೀಗೇ ಆಗುತ್ತದೆ.

ಸೂರ್ಯನ ಬೆಳಕಿನ ಒತ್ತಡ ಬೀಳುವ ಕೇಂದ್ರ, ದ್ರವ್ಯರಾಶಿಯ ಕೇಂದ್ರ ಎರಡೂ ಒಂದೇ ಗೆರೆಯಲ್ಲಿ ಇರುವುದಿಲ್ಲ. ಅದರಿಂದ ಸಣ್ಣ ಟಾರ್ಕ್ (ತಿರುಚುವ ಬಲ) ಉಪಗ್ರಹವನ್ನು ಸದಾ ಒಂದೇ ಕಡೆಗೆ ತಿರುಗಿಸುತ್ತಿರುತ್ತದೆ. ವೀಲ್ ಅದನ್ನು ಕೋನೀಯ ಸಂವೇಗವಾಗಿ (ತಿರುಗುವಿಕೆಯ ಸಂವೇಗ) ಒಳಗೆ ತುಂಬಿಕೊಳ್ಳುತ್ತದೆಯೇ ಹೊರತು ಹೊರಹಾಕಲಾರದು. ಲೆಕ್ಕ ನೋಡಿ: ಟಾರ್ಕ್ 0.0001 ನ್ಯೂಟನ್-ಮೀಟರ್, ವೀಲ್‌ನ ಸಾಮರ್ಥ್ಯ 20 ನ್ಯೂಟನ್-ಮೀಟರ್-ಸೆಕೆಂಡ್ ಅಂದರೆ 2 ಲಕ್ಷ ಸೆಕೆಂಡಿಗೆ, ಅಂದರೆ ಸುಮಾರು 55 ಗಂಟೆಗೆ ವೀಲ್ ತುಂಬಿತು. ಆಮೇಲೆ ಆ ಅಕ್ಷದಲ್ಲಿ ಹಿಡಿತವೇ ಇಲ್ಲ.

ತುಂಬಿದ ವೀಲ್ ಖಾಲಿ ಮಾಡಲು, ಭೂಮಿಗೆ ಹತ್ತಿರದ ಕಕ್ಷೆಯಾದರೆ ಮ್ಯಾಗ್ನೆಟಿಕ್ ಟಾರ್ಕರ್ (ಭೂಮಿಯ ಕಾಂತಕ್ಷೇತ್ರದ ಎದುರು ಟಾರ್ಕ್ ಹುಟ್ಟಿಸುವ ವಿದ್ಯುತ್ಕಾಂತ) ಸೇರಿಸಿ. ಹಬಲ್ ಬಾಹ್ಯಾಕಾಶ ದೂರದರ್ಶಕದಲ್ಲಿ ಥ್ರಸ್ಟರೇ (ಇಂಧನ ಚಿಮ್ಮಿಸಿ ನೂಕುವ ಸಣ್ಣ ಎಂಜಿನ್) ಇಲ್ಲ, ಈ ಕೆಲಸವೆಲ್ಲ ಟಾರ್ಕರ್‌ಗಳದ್ದೇ. ವೀಲ್‌ಗಳ ಒಟ್ಟು ಕೋನೀಯ ಸಂವೇಗದ ಸದಿಶ ಮೊದಲು, ಕಾಂತಕ್ಷೇತ್ರದ ಸದಿಶ ಆಮೇಲೆ, ಇದೇ ಕ್ರಮದಲ್ಲಿ ಕ್ರಾಸ್ ಪ್ರಾಡಕ್ಟ್ ತೆಗೆದು ಟಾರ್ಕರ್‌ನದೇ ಬೇರೆ ಗೇನ್‌ನಿಂದ (ಧನ ಸಂಖ್ಯೆ) ಗುಣಿಸಿ, ಬಂದದ್ದೇ ಟಾರ್ಕರ್‌ಗೆ ಕೊಡಬೇಕಾದ ಆದೇಶ. ಕ್ರಮ ಅದಲುಬದಲಾದರೆ ವೀಲ್ ಇನ್ನೂ ಬೇಗ ತುಂಬುತ್ತದೆ. ಹೆಚ್ಚಿನ ಸಲ ಎಡವುವುದು ಇಲ್ಲೇ. ಎರಡೂ ಸದಿಶಗಳು ಉಪಗ್ರಹದ ಅಕ್ಷಗಳಲ್ಲೇ ಇರಬೇಕು. ಕ್ಷೇತ್ರದ ದಿಕ್ಕಿನಲ್ಲೇ ಟಾರ್ಕ್ ಹುಟ್ಟುವುದಿಲ್ಲವಾದ್ದರಿಂದ ಒಂದೇ ಕ್ಷಣದಲ್ಲಿ ಮೂರೂ ಅಕ್ಷ ಖಾಲಿಯಾಗುವುದಿಲ್ಲ. ಸಿಮ್ಯುಲೇಶನ್ ಅನ್ನು ಕಕ್ಷೆಯ ಕನಿಷ್ಠ ಒಂದು ಇಡೀ ಸುತ್ತು ಓಡಿಸಿ ನೋಡಿ.

ಜೇಮ್ಸ್ ವೆಬ್ ದೂರದರ್ಶಕ ಇರುವಷ್ಟು ದೂರದಲ್ಲಿ ಭೂಮಿಯ ಕಾಂತಕ್ಷೇತ್ರ ನೆಚ್ಚಲಾಗದು. ಅಲ್ಲಿ ಥ್ರಸ್ಟರೇ ಗತಿ, ಇಂಧನ ಮುಗಿದರೆ ಆಯುಷ್ಯವೂ ಮುಗಿಯಿತು. ಕೆಪ್ಲರ್ ಬಾಹ್ಯಾಕಾಶ ದೂರದರ್ಶಕದ ನಾಲ್ಕು ವೀಲ್‌ಗಳಲ್ಲಿ ಒಂದು 2012ರಲ್ಲಿ, ಇನ್ನೊಂದು 2013ರಲ್ಲಿ ಕೆಟ್ಟವು. ಉಳಿದ ಎರಡರ ಜೊತೆ ನೌಕೆಯನ್ನು ಬೆಳಕಿನ ಒತ್ತಡ ಎರಡೂ ಬದಿಗೆ ಸಮನಾಗಿ ಬೀಳುವಂತೆ ನಿಲ್ಲಿಸಿ, ಸುಮಾರು 6 ಗಂಟೆಗೊಮ್ಮೆ ಥ್ರಸ್ಟರ್‌ನಿಂದ ಸರಿಪಡಿಸುತ್ತಾ ಮತ್ತೆ ವೀಕ್ಷಣೆ ನಡೆಸಿದರು. ಎಷ್ಟು ಚೆಂದದ ಇಂಜಿನಿಯರಿಂಗ್!

ವೀಲ್ ವೇಗ ಸೊನ್ನೆ ದಾಟುವಾಗ ಬೇರಿಂಗ್ ಘರ್ಷಣೆಯ ದಿಕ್ಕು ತಿರುಗಿ ದೂರದರ್ಶಕಕ್ಕೆ ಒಂದು ಸಣ್ಣ ಒದೆತ ಬೀಳುತ್ತದೆ. ವೇಗ ತುಂಬಾ ಹೆಚ್ಚಾದರೆ ಕಂಪನ: ಅಸಮತೋಲದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ನಿಮಿಷಕ್ಕೆ 3000 ಸುತ್ತು ಅಂದರೆ 50 ಹರ್ಟ್ಜ್. ಚೌಕಟ್ಟಿನ ಸಹಜ ಆವರ್ತನವೂ ಅಲ್ಲೇ ಇದ್ದರೆ ಚಿತ್ರ ಮಸುಕು. ಮೂರು ಅಕ್ಷಕ್ಕೆ ಮೂರು ವೀಲ್ ಸಾಕು, ಆದರೆ ನಾಲ್ಕನೇ ವೀಲ್ ಬರೀ ಬದಲಿ ಅಂದುಕೊಳ್ಳಬೇಡಿ. ನಾಲ್ಕೂ ಓರೆಯಾಗಿ ಕೂತಿದ್ದರೆ ಒಟ್ಟು ಟಾರ್ಕ್ ಸೊನ್ನೆ ಇಟ್ಟುಕೊಂಡೇ ವೀಲ್ ವೇಗಗಳನ್ನು ಇಂಥ ತೊಂದರೆಯ ವೇಗಗಳಿಂದ ಆಚೆ ಸರಿಸಬಹುದು. ಹಬಲ್‌ನ ಸ್ಥಿರತೆ 0.007 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ). ಆ ಮಟ್ಟ ಬೇಕೆಂದರೆ ಈ ಕಂಪನವನ್ನು ಮಾದರಿಯಲ್ಲಿ ಸೇರಿಸಿದ ಮೇಲೆಯೇ ಗೇನ್‌ಗೆ ಕೈಹಾಕಿ.