ಟರ್ಕಿ ಭಾಷೆ ಕಲಿಯೋದು ಕನ್ನಡಿಗರಿಗೆ ಕಷ್ಟವಾ? ಅದರಲ್ಲಿ ಏನು ವಿಶೇಷ?

ಪದಗಳನ್ನು ಬಾಯಿಪಾಠ ಮಾಡಲೇಬೇಕು, ಬೇರೆ ದಾರಿಯಿಲ್ಲ. ವ್ಯಾಕರಣ ಮಾತ್ರ ಎಲ್ಲೋ ನೋಡಿದ ಹಾಗಿರುತ್ತದೆ. ಕ್ರಿಯಾಪದ ಕೊನೆಗೆ ಬರುತ್ತದೆ, ಪ್ರತ್ಯಯಗಳು ಒಂದರ ಹಿಂದೊಂದು ಅಂಟಿಕೊಳ್ಳುತ್ತವೆ. 'ಎವ್' ಅಂದರೆ ಮನೆ, 'ಎವ್‌ಲೆರ್' ಮನೆಗಳು, 'ಎವ್‌ಲೆರ್‌ದೆ' ಮನೆಗಳಲ್ಲಿ. 1928ರಿಂದ ಲಿಪಿ ಲ್ಯಾಟಿನ್, ಹಾಗಾಗಿ ಓದೋದೂ ಸಲೀಸು.

ನನಗೆ ಜಾಸ್ತಿ ಇಷ್ಟವಾಗಿದ್ದು 'ಮಿಶ್' ಅನ್ನೋ ಪ್ರತ್ಯಯ. 'ಗೆಲ್ದಿ' ಅಂದರೆ ಬಂದ. 'ಗೆಲ್‌ಮಿಶ್' ಅಂದರೆ ಬಂದನಂತೆ. (ಬಂದಳಂತೆಯೂ ಹೌದು, ಅವನು-ಅವಳು ಭೇದ ಅಲ್ಲಿಲ್ಲ.) ಥೇಟ್ ನಮ್ಮ 'ಅಂತೆ', ಅಲ್ವಾ? ಆದರೆ 'ಮಿಶ್' ಒಂದು ಹೆಜ್ಜೆ ಮುಂದೆ. ಬೆಳಗ್ಗೆ ಕಿಟಕಿ ತೆರೆದಾಗ ಅಂಗಳ ಒದ್ದೆಯಾಗಿದೆ ಅಂದುಕೊಳ್ಳಿ. ಯಾರೂ ಹೇಳದಿದ್ದರೂ ಅವರು 'ಯಾಮುರ್ ಯಾಮಿಶ್' ಅನ್ನುತ್ತಾರೆ. ನಾವು ಅಲ್ಲಿ 'ಮಳೆ ಬಂತಂತೆ' ಅನ್ನಲ್ಲ, 'ಮಳೆ ಬಂದಿರೋ ಹಾಗಿದೆ' ಅನ್ನುತ್ತೇವೆ. ಕೇಳಿದ್ದಕ್ಕೂ ಊಹಿಸಿದ್ದಕ್ಕೂ ಅವರಿಗೆ ಒಂದೇ ಪ್ರತ್ಯಯ.

ಅಜ್ಜಿ ಕಥೆಗಳು ಶುರುವಾಗೋದೂ ಇದರಿಂದಲೇ: 'ಬಿರ್ ವರ್‌ಮಿಶ್, ಬಿರ್ ಯೊಕ್‌ಮುಶ್'. ಒಮ್ಮೆ ಇತ್ತಂತೆ, ಒಮ್ಮೆ ಇರಲಿಲ್ಲವಂತೆ. ನಮ್ಮ 'ಒಬ್ಬ ರಾಜ ಇದ್ದನಂತೆ' ನೆನಪಾಗುತ್ತದೆ. ಇಲ್ಲಿ 'ಮಿಶ್' ಸುಮ್ನೆ 'ಮುಶ್' ಆಗಿಲ್ಲ. ಹಿಂದಿನ ಸ್ವರ ನೋಡಿಕೊಂಡು ಪ್ರತ್ಯಯದ ಸ್ವರ ಬದಲಾಗುತ್ತದೆ. ಶುರುವಿನಲ್ಲಿ ತಲೆ ತಿನ್ನೋದು ಇದೇ.